ತೊಳೆಯದೆ ಉಳಿದ ಗಾಜು

ಆ ಮೀನು ಪ್ರದರ್ಶನಾಲಯದಲ್ಲಿ ಗಾಜಿನ ತೊಟ್ಟಿಗಳನ್ನು ತೊಳೆಯುವ ಅವಳನ್ನು ಎಲ್ಲರೂ ಥಳಥಳ ಅಕ್ಕ ಎಂದೇ ಕರೆಯುತ್ತಿದ್ದರು. ಅವಳು ತೊಳೆದ ಗಾಜು ಇದೆಯೋ ಇಲ್ಲವೋ ಎನ್ನುವಂತಿರಬೇಕು. ಉಜ್ಜಿ ಉಜ್ಜಿ ಲೋಟ ಸಣ್ಣದಾಗಿದೆ, ಕಾಫಿ ಕಡಿಮೆ ಬೀಳುತ್ತಿದೆ ಎಂದು ಮನೆಯಲ್ಲಿ ಗಂಡ ರೇಗಿಸುತ್ತಿದ್ದ.

ಇಂಥವಳಿಗೆ ಅಲ್ಲಿನ ವಿಜ್ಞಾನಿ ಡಾಕ್ಟರಮ್ಮ ಎದುರಿನ ಸಮುದ್ರದಿಂದಲೇ ಹಿಡಿದು ತಂದ, ಕಿರುಬೆರಳ ಉಗುರಿನಷ್ಟಿದ್ದ ಜೆಲ್ಲಿ ಮೀನುಗಳನ್ನು ಒಪ್ಪಿಸಿದ್ದರು. ಇವಕ್ಕೆ ಮುಪ್ಪೇ ಇಲ್ಲವಂತೆ. ಅಕ್ಕ ಮಕ್ಕಳಂತೆ ಸಾಕಿದಳು. ಆದರೂ ಅವು ಒಂದೊಂದಾಗಿ ಸೊರಗಿ, ತಳಕ್ಕಿಳಿದು, ಕಾಣದಾದವು. ಮುಪ್ಪಿಲ್ಲದ ಜೀವಕ್ಕೆ ನನ್ನ ಕೈಯಲ್ಲೇ ಸಾವು ಬರಬೇಕೇ ಎಂದು ಅವಳು ಕೊರಗುತ್ತಿದ್ದಳು. ಕೊನೆಗೆ ಉಳಿದದ್ದು ಒಂದೇ ಒಂದು. ಅದೂ ಹೋದರೆ ತೊಟ್ಟಿಯನ್ನು ಏಡಿಗಳಿಗೆ ಕೊಡುವುದೆಂದು ಡಾಕ್ಟರಮ್ಮ ಬೇಸರದಿಂದಲೇ ಹೇಳಿದ್ದರು.

ಅಷ್ಟರಲ್ಲಿ ಮಗಳ ಹೆರಿಗೆಯಾಯಿತು. ಬಾಣಂತನ ಮುಗಿಸಿ ಅಕ್ಕ ಮರಳಿದಾಗ ತೊಟ್ಟಿಯ ಗಾಜು ಮಂಕಾಗಿತ್ತು, ಒಳಗೆ ಜೆಲ್ಲಿ ಮೀನಿರಲಿಲ್ಲ. ಅವಳು ಕಣ್ಣೊರೆಸಿಕೊಂಡು ಬ್ರಷ್ ತೆಗೆದುಕೊಂಡಳು. ತಳದಲ್ಲಿ ಅದೇ ಹಳೆಯ ಕೊಳೆ. ಒಂದೊಂದು ಮೀನು ಹೋದಾಗಲೂ ಇಂಥದ್ದನ್ನು ಉಜ್ಜಿ ಮೋರಿಗೆ ಬಿಟ್ಟಿದ್ದಳು.

ಬ್ರಷ್ ತಾಗಿತೋ ಇಲ್ಲವೋ, ಕೊಳೆ ಮುದುಡಿಕೊಂಡಿತು.

ಅಕ್ಕ ಕೂಗಿದ ರಭಸಕ್ಕೆ ಡಾಕ್ಟರಮ್ಮ ಭೂತಗನ್ನಡಿ ಹಿಡಿದೇ ಓಡಿಬಂದರು. ನೂಲಿನಂಥ ಬಳ್ಳಿ, ಅದರ ತುದಿಗೊಂದು ಮೊಗ್ಗು, ಮೊಗ್ಗಿನ ಸುತ್ತ ಆಡುತ್ತಿದ್ದ ಪುಟ್ಟ ಪುಟ್ಟ ಬೆರಳುಗಳು.

"ಸತ್ತಿಲ್ಲ ಅಕ್ಕ. ಸೋತಾಗ ಇದು ಮತ್ತೆ ಎಳೇದಾಗುತ್ತೆ. ಓದಿದ್ದೆ, ಕಣ್ಣಾರೆ ನೋಡಿರಲಿಲ್ಲ."

ಅಕ್ಕನಿಗೆ ಮೈ ಜುಮ್ಮೆಂದಿತು. ನಿನ್ನೆಯಷ್ಟೇ ಮೊಮ್ಮಗುವಿಗೆ ಎರೆದು ಬಂದವಳು ಅವಳು. ಬಗ್ಗಿ ಏಳಲು ಮೊಣಕಾಲು ಬಿಡುತ್ತಿರಲಿಲ್ಲ. ಇಲ್ಲಿ ನೋಡಿದರೆ ಅಜ್ಜಿಯೂ ಇದೇ, ಮಗುವೂ ಇದೇ. ನೋಡುತ್ತ ನೋಡುತ್ತ ಅವಳಿಗೆ ಉಳಿದವುಗಳ ನೆನಪಾಯಿತು. ಅಷ್ಟನ್ನೂ ತಾನೇ ಉಜ್ಜಿ ತೆಗೆದಿದ್ದಳು.

ಅಕ್ಕ ಕೇಳಿದಳು: "ನಮ್ಮ ಮೋರಿ ನೀರು ಎಲ್ಲಿಗೆ ಹೋಗುತ್ತೆ, ಡಾಕ್ಟರಮ್ಮ?"

ಡಾಕ್ಟರಮ್ಮ ಅವಳ ಮುಖ ನೋಡಿದರು. "ಸಮುದ್ರಕ್ಕೇ ಅಕ್ಕ."

ಅಕ್ಕ ಕಿಟಕಿಯಾಚೆ ನೋಡಿದಳು. ಅಷ್ಟು ದೊಡ್ಡ ನೀರಿನಲ್ಲಿ ಎಲ್ಲೋ ಅವೂ ಕಣ್ಣು ತಪ್ಪಿಸಿ ಮತ್ತೆ ಎಳೆಯವಾಗುತ್ತಿರಬಹುದು. ಬ್ರಷ್ಷನ್ನು ಮೊಳೆಗೆ ನೇತುಹಾಕಿ, ಮಂಕು ಗಾಜಿನ ಮುಂದೆ ಸ್ಟೂಲ್ ಎಳೆದುಕೊಂಡು ಕೂತಳು.