ಅಮ್ಮಿ ಬರೆದ ಹೋಂವರ್ಕ್

ತಂಗಿ ಸಬೀನಾಳನ್ನು ಐದನೇ ಕ್ಲಾಸಿಗೆ ಸೇರಿಸಿದ ದಿನ ಅಜ್ಮತ್ ತನ್ನ ಪಂಕ್ಚರ್ ಅಂಗಡಿಗೆ ಬಂದವರಿಗೆಲ್ಲ ಬೂಂದಿ ಹಂಚಿದ. ಹಂಚದೆ ಏನು ಮಾಡಿಯಾನು? ಆರರ ವಯಸ್ಸಿನಲ್ಲಿ ಅವಳು ಮೂರ್ಛೆ ಬಂದು ಬೆಂಚಿನಿಂದ ಬಿದ್ದ ದಿನವೇ ಶಾಲೆಯವರು "ಮನೆಯಲ್ಲೇ ಇಟ್ಟುಕೊಳ್ಳಿ" ಅಂದು ಕೈತೊಳೆದುಕೊಂಡಿದ್ದರು. ಏಳನೇ ಕ್ಲಾಸಿಗೇ ಶಾಲೆಗೆ ಬೆನ್ನು ಹಾಕಿದ ಅಜ್ಮತನೇ ಅಂದಿನಿಂದ ಅವಳ ಮೇಷ್ಟ್ರು. ಚಳ್ಳಕೆರೆಯ ಬಳ್ಳಾರಿ ರಸ್ತೆಯ ಆ ತಗಡಿನ ಅಂಗಡಿಯೇ ಅವಳ ಶಾಲೆ. ಟ್ಯೂಬಿನ ತೂತಿಗೆ ಗುರುತು ಹಾಕುವ ಸೀಮೆಸುಣ್ಣದಲ್ಲಿ ಬಾಗಿಲ ತಗಡಿನ ಮೇಲೆ ಅಂಗೈಯಗಲದ ಅಕ್ಷರ ಬರೆಯುತ್ತ ಹುಡುಗಿ ಕಲಿತಳು. ಹನ್ನೊಂದು ತುಂಬುವಷ್ಟರಲ್ಲಿ ಲಾರಿಯವರಿಗೆ ಪೇಪರು ಓದಿ ಹೇಳುತ್ತಿದ್ದಳು.

"ಲೇ ಅಜ್ಮತ್, ನಿನ್ ಯೂನಿವರ್ಸಿಟಿಗೆ ಬೀಗ ಬಿತ್ತೇನ್ಲೇ?" ಮೊಳಕಾಲ್ಮುರಿನ ಡ್ರೈವರ್ ಉಗ್ರಪ್ಪ ಬೂಂದಿ ಮುಕ್ಕುತ್ತ ಕೇಳಿದ. "ಇನ್ನು ನಮ್ಗೆ ಪೇಪರ್ ಓದೋರ್ಯಾರು?"

"ನೀನೇ ಕಲಿಯಣ್ಣ. ಸೀಟ್ ಖಾಲಿ ಐತೆ."

"ನಂಗ್ಯಾಕಲೇ! ಮೈಲಿಕಲ್ಲು ಓದಾಕ್ ಬಂದ್ರೆ ಸಾಕು."

ಹೆಡ್‌ಮಾಸ್ಟರು ಅವಳನ್ನು ಸೇರಿಸಿಕೊಂಡದ್ದು ಒಂದು ಮಾತಿನ ಮೇಲೆ: ಉಳಿದವರ ಜೊತೆ ಹೆಜ್ಜೆ ಹಾಕದಿದ್ದರೆ ಎರಡನೇ ಕ್ಲಾಸಿಗೆ ಇಳಿಸುತ್ತೇವೆ. ಮನೆಯಲ್ಲಿ ಅಬ್ಬಾ ನೂರ್ ಅಹಮ್ಮದರದು ಇನ್ನೊಂದು ಮಾತು: "ಅಷ್ಟು ದೊಡ್ಡ ಹುಡುಗೀನ ಚಿಳ್ಳೆಪಿಳ್ಳೆಗಳ ಮಧ್ಯೆ ಕೂರಿಸ್ತಾರೆ ಅಂದ್ರೆ ಶಾಲೇನೇ ಬ್ಯಾಡ. ಮನೇಲಿರ್ಲಿ." ಅಲ್ಲಿಗೆ ಐದನೇ ಕ್ಲಾಸು ತಪ್ಪಿದರೆ ಓದೇ ತಪ್ಪಿದಂತೆ.

ಅವಳಿಗೆ ಪಾಠ ಕಷ್ಟವಾಗಲಿಲ್ಲ. ಕಷ್ಟವಾದದ್ದು ಬರೆಯುವುದು. ಪಾಠವನ್ನು ಮೂರು ಸಲ ನಕಲು ಮಾಡು, ಪ್ರಶ್ನೋತ್ತರ ಐದೈದು ಸಲ ಬರೆ, ಮಗ್ಗಿ ಬರೆ, ಕಾಪಿ ಬರೆ. ಕಲಿಸುವುದು ಬಿಟ್ಟು ಬರೆಸುವುದೇ ವಿದ್ಯೆ ಅಂದುಕೊಂಡ ಜನ! ತಗಡಿನ ಮೇಲೆ ಅಗಲಗಲ ಬರೆದ ಕೈ ಆ ಕಿರುಗೆರೆಗಳ ನಡುವೆ ಓಡಲೊಲ್ಲದು. ಅರ್ಧ ಪುಟಕ್ಕೇ ಬೆರಳು ಬಾತುಕೊಳ್ಳುತ್ತಿದ್ದವು. ಬಳ್ಳಾರಿ ಡಾಕ್ಟರು, ನಿದ್ದೆಗೆಟ್ಟರೆ ಮೂರ್ಛೆ ಮರುಕಳಿಸೀತು ಅಂದಿದ್ದರು. ಕೆಲವು ದಿನ ನಡುರಾತ್ರಿಯವರೆಗೆ ಬರೆಯುತ್ತ ನಿದ್ದೆಗೆಟ್ಟ ಮೇಲೆ ಒಂದು ಬೆಳಿಗ್ಗೆ ಚಹಾ ಲೋಟ ಹಿಡಿದ ಅವಳ ಕೈ ತಾನಾಗಿ ಅದುರತೊಡಗಿತು. ಮನೆಯವರ ಜೀವ ಬಾಯಿಗೆ ಬಂತು.

ಅಂದು ಹೋಂವರ್ಕನ್ನು ಅಜ್ಮತನೇ ಬರೆದುಕೊಟ್ಟ. ಎಷ್ಟು ತೊಳೆದರೂ ಗ್ರೀಸು ಬಿಡದ ಕೈ. ಪುಟದ ತುಂಬ ಕರಿ ಬೆರಳಚ್ಚು. ಟೀಚರ್ ಕಮಲಾಕ್ಷಮ್ಮ ಪುಟ ಹರಿದು ಮುಖಕ್ಕೆಸೆದರು.

"ಕೊಡಿಲ್ಲಿ, ನಾ ಬರೀತೀನಿ," ಅಂದಳು ಅಮ್ಮಿ ರಜಿಯಾ ಬೇಗಂ.

"ಅಮ್ಮಿ, ನಿಂಗೆ ಉರ್ದು ಬಿಟ್ರೆ ಕನ್ನಡ ಓದಾಕ್ ಎಲ್ಲಿ ಬರ್ತೈತೆ?"

"ಓದಾಕ್ ಬರಲ್ಲ, ನೋಡಾಕ್ ಬರ್ತೈತಲ್ಲ! ಊರ ಮದುಮಕ್ಳಿಗೆಲ್ಲ ಮೆಹಂದಿ ಹಾಕೀನಿ, ಯಾವ ಕಿತಾಬ್ ಓದಿದ್ದೆ?"

ಕುಂತಳು ನೋಡಿ! ಪುಸ್ತಕದಲ್ಲಿದ್ದಂತೆಯೇ ಒಂದೊಂದು ಅಕ್ಷರವೂ ಬಳ್ಳಿ ಬಿಡಿಸಿದಷ್ಟು ಚೆಂದ. ಆದರೆ ಹುಟ್ಟಿದಾರಭ್ಯ ಬಲದಿಂದ ಎಡಕ್ಕೆ ಉರ್ದು ಬರೆದ ಕೈ ಅದು. ಸಾಲಿನ ಕೊನೆಯ ಅಕ್ಷರವನ್ನು ಬಲಗಡೆ ಮೊದಲು ಬಿಡಿಸಿ, ಒಂದೊಂದಾಗಿ ಎಡಕ್ಕೆ ಬರುತ್ತಿದ್ದಳು. ಎಡಕ್ಕೆ ತಲುಪುವಷ್ಟರಲ್ಲಿ ಜಾಗ ಸಾಲದೆ, ಸಾಲಿನ ಮೊದಲ ಅಕ್ಷರಗಳು ಸಂತೆಗೆ ಹೋಗುವ ಟೆಂಪೋದ ಜನರಂತೆ ಒತ್ತಿಕೊಂಡು ಅಂಚಿನ ಕೆಂಪು ಗೆರೆಯ ಮೇಲೆ ನೇತಾಡುತ್ತಿದ್ದವು. ಅಜ್ಮತ್ ನೋಡಿ ನಕ್ಕ. ಓದಿದರೆ ಎಲ್ಲ ಸರಿಯಾಗಿಯೇ ಇತ್ತು. ಸಬೀನಾ ಹೊತ್ತಿಗೆ ಸರಿಯಾಗಿ ಮಲಗತೊಡಗಿದಳು. ಕೈ ಅದುರುವುದು ನಿಂತಿತು. ಟೀಚರು ಪುಟ ತಿರುವಿ ಕೆಂಪು ಗೀಟು ಎಳೆದು ಕಳಿಸುತ್ತಿದ್ದರು. ಅರವತ್ತು ಮಕ್ಕಳ ನೋಟ್ಸನ್ನು ಯಾರು ಓದುತ್ತಾರೆ? ಓದುವುದಿಲ್ಲ ಅಂದಮೇಲೆ ಬರೆಸುವುದಾದರೂ ಯಾಕೆ? ಅಜ್ಮತನಿಗೆ ಮೈ ಉರಿಯುತ್ತಿತ್ತು. ಉರಿದರೇನು, ಗೀಟು ಬೀಳುತ್ತಿತ್ತಲ್ಲ ಅಂತ ಬಾಯಿ ಮುಚ್ಚಿಕೊಂಡಿದ್ದ.

ಒಂದು ಮಧ್ಯಾಹ್ನ ತಂಗಿಯ ಮಾತ್ರೆ ಕೊಡಲು ಶಾಲೆಗೆ ಹೋದವನು ಕಿಟಕಿಯ ಬಳಿ ನಿಂತ. ಒಳಗೆ ಸಬೀನಾ ಬೋರ್ಡಿನ ಮುಂದಿದ್ದಳು.

"ಎಲ್ಲಾ ಸಾಲೂ ಅಂಚು ದಾಟ್ಯಾವೆ. ಯಾರು ಬರ್ದಿದ್ದು?" ಕಮಲಾಕ್ಷಮ್ಮನ ಕೈಯಲ್ಲಿ ಅವಳ ನೋಟ್ಸಿತ್ತು.

"ನಾನೇ ಟೀಚರ್."

"ನೀನೇನಾ? ಹಂಗಾದ್ರೆ ಇಲ್ಲಿ ಬರಿ, ಇದ್ರಲ್ಲಿ ಬರ್ದಂಗೆ. ನೋಡೇಬಿಡಾಣ."

ಸಬೀನಾ ಸೀಮೆಸುಣ್ಣ ತೆಗೆದುಕೊಂಡಳು. ಎಡದಿಂದ ನೆಟ್ಟಗೆ ಬರೆದರೆ ಅಕ್ಷರ ಅಂಚಿಗೆ ಒತ್ತುವುದಿಲ್ಲ, ಅಮ್ಮಿ ಸಿಕ್ಕಿಬೀಳುತ್ತಾಳೆ. ಅವಳು ಬೋರ್ಡಿನ ಬಲತುದಿಗೆ ಹೋದಳು. ಸಾಲಿನ ಕೊನೆಯ ಅಕ್ಷರ ಬರೆದಳು. ಅದರ ಎಡಕ್ಕೆ ಅದರ ಹಿಂದಿನದು. ಆಮೇಲೆ ಅದರ ಹಿಂದಿನದು.

ಕ್ಲಾಸು ಗೊಳ್ಳೆಂದಿತು. "ಉಲ್ಟಾ! ಉಲ್ಟಾ!" ಹುಡುಗರು ಬೆಂಚು ಬಡಿದರು. ಕಮಲಾಕ್ಷಮ್ಮ ನಗಲಿಲ್ಲ. ಅವರ ಮುಖದಲ್ಲಿ ಸಿಟ್ಟು ಇಳಿದು, ಅದಕ್ಕಿಂತ ಕೆಟ್ಟದ್ದೊಂದು ಬಂತು. ಮರುಕ.

"ಸಾಕಮ್ಮ, ಸಾಕು. ಕೂತ್ಕೋ."

ಅಜ್ಮತ್ ಒಳಗೆ ನುಗ್ಗಿದ. "ಟೀಚರ್, ಅವಳಿಗೆ ಸರಿಯಾಗಿ ಬರಿಯಾಕ್ ಬರ್ತೈತ್ರಿ! ಇದು ನಮ್ಮವ್ವ ಬರ್ದಿದ್ದು. ಅವ್ವನ್ನ ಉಳಿಸಾಕೆ ಹಿಂಗ್ ಮಾಡ್ತಾಳೆ!"

"ನಿಮ್ಮ ತಾಯಿಗೆ ಕನ್ನಡ ಓದೋಕೆ ಬರುತ್ತೇನಪ್ಪ?"

"ಬರಲ್ಲ."

"ಮತ್ತೆ ಹೆಂಗೆ ಬರೀತಾರೆ?"

"ನೋಡ್ಕೊಂಡು... ಮೆಹಂದಿ ಹಾಕ್ದಂಗೆ..."

ತನ್ನ ಬಾಯಿಂದ ಬಂದ ನಿಜ ತನಗೇ ಸುಳ್ಳಿನಂತೆ ಕೇಳಿಸಿತು. "ಕೇಳ್ರಿ ಅವಳನ್ನೇ!" ಅಂದ. ಟೀಚರು ಕೇಳಿದರು. ಸಬೀನಾ ತಲೆ ಎತ್ತದೆ, "ನಾನೇ ಬರ್ದಿದ್ದು," ಅಂದಳು.

ಹೆಡ್‌ಮಾಸ್ಟರು ಬಹಳ ಮೆತ್ತಗೆ ಮಾತಾಡಿದರು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. "ಮೂರ್ಛೆ ರೋಗ ತಲೆಗೆ ಪೆಟ್ಟು ಕೊಟ್ಟೈತಪ್ಪ. ಪಾಪದ ಹುಡುಗಿ. ಎರಡನೇ ಕ್ಲಾಸಿಗೆ ಕೂರಿಸ್ತೀವಿ. ಇಲ್ಲಾಂದ್ರೆ ನಿನ್ನ ಮಾತೇ ನಿಜ ಅಂದ್ಕೋ, ಬೇರೆಯವ್ರ ಕೈಲಿ ಬರೆಸಿದ್ದಕ್ಕೂ ಐದ್ರಲ್ಲಿ ಇಟ್ಕೊಳ್ಳಾಕಾಗಲ್ಲ. ಯಾವುದು ಬೇಕು ಹೇಳು."

ಹುಚ್ಚಿಯೋ, ಕಳ್ಳಿಯೋ. ಆರಿಸಿಕೋ ಅಂದರೆ ಏನು ಆರಿಸಬೇಕು? ಯಾವುದಾದರೂ ಐದನೇ ಕ್ಲಾಸು ತಪ್ಪಿತು, ಎರಡಕ್ಕೆ ಅಬ್ಬಾ ಕಳಿಸುವುದಿಲ್ಲ.

ದಾರಿಯುದ್ದಕ್ಕೂ ತಂಗಿಯನ್ನು ಬೈದ. "ನಿಜ ಹೇಳಿದ್ರೆ ಗಂಟೇನು ಹೋಗ್ತಿತ್ತೇ?"

"ಟೀಚರ್ ಅಮ್ಮೀನ ಕರೆಸ್ತಿದ್ರು, ಭಾಯ್. ಎಲ್ಲರ ಮುಂದೆ ಬೈತಿದ್ರು."

ಅಜ್ಮತ್ ಅವಳ ಚೀಲ ತೆಗೆದು ತನ್ನ ಹೆಗಲಿಗೆ ಹಾಕಿಕೊಂಡ.

ಮನೆಯಲ್ಲಿ ರಜಿಯಾ ಬೇಗಂ ಕೆಲಸವನ್ನೆಲ್ಲ ಬೇಗ ಮುಗಿಸಿ, ಕೈ ತೊಳೆದು, ಸೆರಗಿಗೆ ಒರೆಸಿಕೊಂಡು ಕಾದಿದ್ದಳು. "ಬಾ ಬೇಟಾ. ಇವತ್ತೆಷ್ಟು ಕೊಟ್ಟಾರೆ?"

ಸಬೀನಾ ಅಣ್ಣನ ಕಡೆ ನೋಡಲಿಲ್ಲ. "ಇವತ್ತು ಏನೂ ಕೊಟ್ಟಿಲ್ಲ ಅಮ್ಮಿ."

"ಏನೂ ಇಲ್ವಾ?" ಅಮ್ಮಿಯ ಮುಖ ಅರಳಿತು. "ಅಲ್ಲಾನ ದಯೆ! ಆ ಟೀಚರಮ್ಮನಿಗೂ ಒಂದಿನ ಕರುಣೆ ಬಂತು ನೋಡು."