ಕುದಿಸಿದ ಕೆಸರು

ಕೆರೆಯ ತಳದ ಕೆಸರಿಗೂ ಹೊಟ್ಟೆಯಿದೆ ಎಂದು ಅತ್ತಿಗೆ ಹೇಳುತ್ತಲೇ ಬಂದಿದ್ದಳು. ಮೇಲಿನ ಬಿಸಿಲಲ್ಲಿ ಬೆಳೆದ ಪಾಚಿ ಸತ್ತು ಕೆಳಗಿಳಿದರೆ, ಅದರ ಲೋಳೆಯನ್ನು ಅಲ್ಲಿನ ಕಣ್ಣಿಗೆ ಕಾಣದ ಜೀವಿಗಳು ಕಡಿದು ತಿನ್ನುತ್ತವೆ, ಆ ಕತ್ತಲೆ ಆ ಚಳಿ ಅವಕ್ಕೆ ಲೆಕ್ಕಕ್ಕೇ ಇಲ್ಲ ಎಂಬುದು ಅವಳ ಮಾತು. ಲ್ಯಾಬಿನ ಹಿರಿಯರಿಗೆ ಇದರಲ್ಲಿ ನಂಬಿಕೆಯಿರಲಿಲ್ಲ. ಯಾರು ಏನು ಹೇಳಿದರೂ ಕನ್ನಡಕ ಸರಿಸಿ ‘ಆಮೇಲೆ?’ ಎನ್ನುವುದು ಅವರ ರೂಢಿಯಾದ್ದರಿಂದ ಬೆನ್ನ ಹಿಂದೆ ಎಲ್ಲರೂ ಅವರನ್ನು ಆಮೇಲೆ ಸರ್ ಎಂದೇ ಕರೆಯುತ್ತಿದ್ದರು.

ಕೆಸರಿನ ಮಾತಿಗೆ ಹೌದೆಂದು ತಲೆಯಾಡಿಸುತ್ತಿದ್ದವಳು ಒಬ್ಬಳೇ, ಅತ್ತಿಗೆಯ ಗಂಡನ ತಂಗಿ. ಅವಳನ್ನು ಲ್ಯಾಬಿಗೆ ಕರೆತಂದು, ಹನಿ ಅಳೆಯುವ ಪಿಪೆಟ್ಟು ಹಿಡಿಯುವುದರಿಂದ ಹಿಡಿದು ಎಲ್ಲ ಕಲಿಸಿದವಳೂ ಅತ್ತಿಗೆಯೇ. ನಾದಿನಿ ಕರೆಯುವುದನ್ನು ಕೇಳಿ ಕೇಳಿ ಲ್ಯಾಬಿನವರಿಗೆಲ್ಲ ಅವಳು ಅತ್ತಿಗೆಯಾಗಿದ್ದಳು. ಇಬ್ಬರಿಗೂ ಒಂದೇ ಅಡುಗೆಮನೆ, ಒಂದೇ ಬಸ್ಸು, ಒಂದೇ ಮೇಜು. ಕೈ ಕೆಸರಾದರೆ ಬಾಯಿ ಮೊಸರು ಅಂತಾರೆ, ನಿಮ್ಮಿಬ್ಬರದೂ ಬರೀ ಕೆಸರೇ ಆಯ್ತಲ್ಲ ಎಂದು ಅತ್ತೆ ನಗುತ್ತಿದ್ದರು.

ಕೆಲಸ ಇಷ್ಟೇ. ಪಾಚಿಯ ಲೋಳೆಯೆಂದರೆ ಸಕ್ಕರೆಯ ಕಣಗಳು ಕೈಕೈ ಹಿಡಿದು ನಿಂತ ಉದ್ದನೆಯ ಸರ. ನೀಲಿ ದೀಪದ ಕೆಳಗೆ ಹಸಿರಾಗಿ ಹೊಳೆಯುವ ಬಣ್ಣವನ್ನು ಅತ್ತಿಗೆ ಆ ಸರಕ್ಕೆ ಅಂಟಿಸುತ್ತಿದ್ದಳು. ಅಂಟದೆ ಉಳಿದ ಬಣ್ಣವನ್ನು ತಾಳ್ಮೆಯಿಂದ ತೊಳೆದು ತೆಗೆಯುತ್ತಿದ್ದಳು. ಹೊಳೆಯುವ ಸರವನ್ನು ಕೆಸರಿನ ಬಾಟಲಿಗೆ ಹಾಕಿ, ಕೆಲವು ದಿನ ಬಿಟ್ಟು ಸೋಸಿ, ಆ ತಿಳಿನೀರನ್ನು ಜೆಲ್ ತುಂಬಿದ ಗಾಜಿನ ಕೊಳವೆಯಲ್ಲಿ ಇಳಿಸುವುದು. ಕಡಿಯದ ಸರ, ನೆಟ್ಟಗೆ ನಡೆಯುವ ದೊಡ್ಡವರ ಹಾಗೆ, ಬೇಗ ಹೊರಗೆ ಬರುತ್ತದೆ. ಕಡಿದ ತುಂಡುಗಳು, ದಾರಿಯ ಬಾಗಿಲುಬಾಗಿಲಿಗೂ ಇಣುಕುವ ಮಕ್ಕಳ ಹಾಗೆ, ಜೆಲ್ಲಿನ ಸಂದುಗೊಂದಿ ಹೊಕ್ಕು ತಡವಾಗಿ ಬರುತ್ತವೆ. ಹೊಳಪು ತಡವಾಯಿತೆಂದರೆ ಕೆಸರು ಉಂಡಿತೆಂದು ಅರ್ಥ.

ಇದಕ್ಕೆ ಜೋಡಿಯಾಗಿ ಇನ್ನೊಂದು ಬಾಟಲಿ ಬೇಕು. ಅದರಲ್ಲಿ ಕುದಿಸಿ ಕೊಂದ ಕೆಸರು. ಸತ್ತದ್ದು ಉಣ್ಣುವುದಿಲ್ಲವಲ್ಲ, ಅಲ್ಲಿ ಸರ ಇದ್ದ ಹಾಗೇ ಇರಬೇಕು. ಅಲ್ಲೂ ತುಂಡಾಯಿತೆಂದರೆ ಜೀವಿಗಳು ಕಡಿದದ್ದಲ್ಲ. ಬಣ್ಣ ಅಂಟಿಸಿದವಳ ಕೈಯೇ ಕೆಟ್ಟದ್ದು. ಕುದಿಸುವ ಕೆಲಸ ನಾದಿನಿಯದು. ಉಗಿಪಾತ್ರೆ ಇದ್ದದ್ದು ಕೆಳಗಿನ ಅಂತಸ್ತಿನಲ್ಲಿ. ಇಡೀ ಕಟ್ಟಡಕ್ಕೆ ಅದೊಂದೇ, ಸರದಿ ಕಾಯಬೇಕಿತ್ತು.

ಆ ಸಲದ ಸಭೆಯಲ್ಲಿ ಕೆಸರಿನ ಕೆಲಸ ಉಳಿಯಬೇಕೋ ನಿಲ್ಲಬೇಕೋ ಎಂಬುದು ತೀರ್ಮಾನವಾಗಬೇಕಿತ್ತು. ಹೊಳಪು ಯಾವಾಗ ಹೊರಬಂತೆಂದು ಹೇಳುವ ಗೆರೆಗಳನ್ನು ಅತ್ತಿಗೆ ಗೋಡೆಯ ಮೇಲೆ ತೋರಿಸಿದಳು. ಬದುಕಿದ ಕೆಸರಿನಲ್ಲಿ ಹೊಳಪು ತಡವಾಗಿ ಬಂದಿತ್ತು. ಅವಳ ಮುಖ ಅರಳಿತು. ಮುಂದಿನ ಗೆರೆ ಕುದಿಸಿದ್ದರದು. ಅದೂ ಅಷ್ಟೇ ತಡವಾಗಿ ಬಂದಿತ್ತು.

ಆಮೇಲೆ ಸರ್ ಕನ್ನಡಕ ಸರಿಸಿದರು. ಆ ದಿನ ಮಾತ್ರ ಆಮೇಲೆ ಎನ್ನಲಿಲ್ಲ. “ಇದನ್ನ ಕುದಿಸಿದ್ದು ಗ್ಯಾರಂಟಿನಾ?” ಎಂದು ಕೇಳಿದರು.

“ಹೌದು ಸರ್, ನಾನೇ ಕುದಿಸಿದ್ದು,” ಎಂದಳು ನಾದಿನಿ.

ಸತ್ತವರೂ ಊಟಕ್ಕೆ ಕೂತಿದ್ದಾರೆ ಎಂದು ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಅತ್ತಿಗೆ ತಲೆ ತಗ್ಗಿಸಿ, ಬಣ್ಣ ತೊಳೆಯುವುದರಲ್ಲಿ ತಾನೇ ಎಡವಿರಬೇಕು, ಅಂಟದ ಬಣ್ಣವೂ ತುಂಡಿನ ಹಾಗೆ ತಡವಾಗಿಯೇ ಬರುತ್ತದೆ ಎಂದು ಒಪ್ಪಿಕೊಂಡಳು. ಮೇಜನ್ನು ಬೇರೆಯವರಿಗೆ ಬಿಟ್ಟುಕೊಡಬೇಕೆಂದು ತೀರ್ಮಾನವಾಯಿತು.

ಆಮೇಲಿನ ದಿನಗಳಲ್ಲಿ ಅವಳು ತನ್ನ ಕೈಯನ್ನೇ ಅನುಮಾನಿಸಿದಳು. ಉಳಿದಿದ್ದ ಹೊಳೆಯುವ ಸರವನ್ನು ಬರೀ ನೀರಿನಲ್ಲಿಟ್ಟು ಕೊಳವೆಯಲ್ಲಿ ಇಳಿಸಿ ನೋಡಿದಳು. ಪ್ರತಿ ಸಲವೂ ನೆಟ್ಟಗೆ ಬೇಗ ಬಂತು. ಸರ ಸರಿಯಾಗಿದ್ದರೆ ತಪ್ಪೆಲ್ಲಿ? ಊಟ ಸೇರದು, ನಿದ್ದೆ ಹತ್ತದು. ಹೋಗ್ಲಿ ಬಿಡಿ ಅತ್ತಿಗೆ ಎಂದು ನಾದಿನಿ ತಲೆಗೆ ಎಣ್ಣೆ ಹಚ್ಚಿ ಸಮಾಧಾನ ಮಾಡಿದಳು. ಆ ಬೆರಳುಗಳ ತಂಪಿಗೆ ಅತ್ತಿಗೆಗೆ ಕಣ್ಣು ತುಂಬಿ ಬಂದಿತ್ತು.

ಮೇಜು ಖಾಲಿ ಮಾಡುವ ದಿನ ಅತ್ತಿಗೆ ಹಳೆಯ ಬಾಟಲಿಗಳನ್ನು ತೊಳೆಯಲು ಕೂತಳು. ಬದುಕಿದ ಕೆಸರಿನ ಬಾಟಲಿ ತೆರೆದಾಗ ರಬ್ಬರ್ ಬಿರಡೆ ಟಪ್ಪೆಂದು ಎಗರಿ, ಕೊಳೆತ ಮೊಟ್ಟೆಯ ವಾಸನೆ ಮೂಗಿಗೆ ಬಡಿಯಿತು. ಅದು ಸರಿಯೇ, ಉಂಡವರು ತೇಗಬೇಕಲ್ಲ. ‘ಕುದಿಸಿದ್ದು’ ಎಂದು ಚೀಟಿ ಅಂಟಿಸಿದ್ದ ಬಾಟಲಿಯನ್ನು ಎತ್ತಿಕೊಂಡಳು. ಮುಟ್ಟಿದ್ದೇ ತಡ, ಅದರ ಬಿರಡೆಯೂ ಟಪ್ಪೆಂದು ಎಗರಿ ತೊಟ್ಟಿಯ ಅಂಚಿಗೆ ಹೊಡೆದು ಉರುಳಿತು. ಅದೇ ವಾಸನೆ. ಕುದಿಸಿ ಬಿರಡೆ ಬಿಗಿದ ಕೆಸರು ಉಸಿರಾಡುವುದಿಲ್ಲ. ಅತ್ತಿಗೆ ನಲ್ಲಿ ನಿಲ್ಲಿಸಿ, ಚೀಟಿಯ ಮೇಲಿದ್ದ ನಾದಿನಿಯ ಅಕ್ಷರವನ್ನು ಇನ್ನೊಮ್ಮೆ ಓದಿದಳು.

ಸಂಜೆ ನಾದಿನಿ ಮಹಡಿಯ ಮೇಲೆ ಒಣಗಿದ ಬಟ್ಟೆ ತೆಗೆಯುತ್ತಿದ್ದಳು. ಅತ್ತಿಗೆ ಹೋಗಿ ಚಾದರದ ಇನ್ನೊಂದು ತುದಿ ಹಿಡಿದಳು. ಇಬ್ಬರೂ ಮಡಿಸತೊಡಗಿದರು. ಆ ಬಾಟಲಿ ತೆರೆದೆ ಎಂದಷ್ಟೇ ಅತ್ತಿಗೆ ಹೇಳಿದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಯಾವ ಬಾಟಲಿ ಎಂದು ನಾದಿನಿ ಕೇಳಲೇ ಇಲ್ಲ.

“ಅವತ್ತು ಕೆಳಗಡೆ ತುಂಬಾ ಜನ ಇದ್ರು ಅತ್ತಿಗೆ. ಗೆಳತಿಯರು ಗೇಟಲ್ಲಿ ಕಾಯ್ತಿದ್ರು.”

“ಸರದಿ ಸಿಗಲಿಲ್ಲ ಅಂದಿದ್ರೆ ನಾನೇ ಹೋಗಿ ನಿಲ್ತಿದ್ನಲ್ಲೇ.”

ನಾದಿನಿ ಚಾದರದ ಅಂಚನ್ನು ಸುಮ್ಮನೆ ಸರಿಮಾಡಿದಳು. “ಎರಡೂ ಬಾಟ್ಲಿ ಸುಮ್ನೆ ಕೂತಿರುತ್ತೆ ಅನ್ಕೊಂಡೆ. ಕುದಿಸಿದ್ರೆಷ್ಟು, ಬಿಟ್ರೆಷ್ಟು. ಆ ತಳದಲ್ಲಿ ಏನೂ ಉಣ್ಣಲ್ಲ ಅಂತ ಎಲ್ಲಾರೂ ಹೇಳ್ತಿದ್ರಲ್ಲ.”

“ನೀನೂ?”

ನಾದಿನಿ ತನ್ನ ತುದಿಯನ್ನು ಅತ್ತಿಗೆಯ ಕೈಗೆ ಕೊಟ್ಟು, ಹಗ್ಗದ ಮೇಲಿನ ಮುಂದಿನ ಬಟ್ಟೆಗೆ ಕೈಹಾಕಿದಳು. ಸಭೆಯಲ್ಲಿ ಸುಳ್ಳು ಹೇಳಿದ್ದು ಹೆದರಿಕೆಗೆ ಇರಬಹುದು, ಅದನ್ನು ಅತ್ತಿಗೆ ಹೇಗೋ ನುಂಗಿಕೊಂಡಾಳು. ಇಷ್ಟು ಕಾಲ ಬಸ್ಸಿನಲ್ಲಿ ಪಕ್ಕದಲ್ಲಿ ಕೂತು ಆಡಿಸಿದ ಆ ತಲೆ, ಅದನ್ನು ಮಾತ್ರ ನುಂಗಲಾರಳು. ಮಡಿಸಿದ ಚಾದರವನ್ನು ನಾದಿನಿಯ ಕೈಗಿಟ್ಟು ಕೆಳಗಿಳಿದಳು.

ಮರುದಿನ ಆಮೇಲೆ ಸರ್ ಎದುರು ನಿಂತು, ಜೋಡಿ ಬಾಟಲಿ ಕುದ್ದಿರಲಿಲ್ಲ, ಇನ್ನೊಂದು ಸಲ ಮಾಡಲು ಬಿಡಿ ಎಂದು ಅತ್ತಿಗೆ ಕೇಳಿದಳು. ಯಾರ ಕೈಯಲ್ಲಿ ತಪ್ಪಿತು ಎಂದರು ಅವರು. ನಮ್ಮ ಕೈಯಲ್ಲೇ ಸರ್ ಎಂದಳು. ಬಾಗಿಲಲ್ಲಿ ನಿಂತು ಕೇಳಿಸಿಕೊಂಡ ನಾದಿನಿಗೆ ಹೋದ ಜೀವ ಬಂದಂತಾಯಿತು.

ಈ ಸಲ ಅತ್ತಿಗೆಯೇ ಉಗಿಪಾತ್ರೆಯ ಮುಂದೆ ಸ್ಟೂಲು ಹಾಕಿಕೊಂಡು ಕೂತಳು. ಸತ್ತ ಕೆಸರಿನ ಹೊಳಪು ನೆಟ್ಟಗೆ ಬೇಗ ಬಂತು. ಬದುಕಿದ್ದರದು ಇಣುಕಿ ಇಣುಕಿ ತಡವಾಗಿ ಬಂತು. ಆಮೇಲೆ ಸರ್ ಎರಡು ಗೆರೆಗಳನ್ನೂ ಬಹಳ ಹೊತ್ತು ನೋಡಿ, ಮೇಜು ಇರಲಿ ಎಂದರು. ಲ್ಯಾಬಿನವರು ಚಪ್ಪಾಳೆ ತಟ್ಟಿದರು. ಎಲ್ಲರಿಗಿಂತ ಜೋರಾಗಿ ತಟ್ಟಿದವಳು ನಾದಿನಿ.

ಮುಂದಿನ ವಾರ ಹೊಸ ಕೆಸರು ಬಂತು. ನಾದಿನಿ ತಾನಾಗಿಯೇ ಕೆಳಗೆ ಹೋಗಿ, ಸರದಿಯಲ್ಲಿ ನಿಂತು, ಬೆವರಿಕೊಂಡು ಬಂದಳು. ಇನ್ನೂ ಬಿಸಿಯಾಗಿದ್ದ ಬಾಟಲಿಯನ್ನು ಬಟ್ಟೆಯಲ್ಲಿ ಹಿಡಿದು ಚಾಚಿದಳು.

“ಕುದಿಸಿದ್ದೀನಿ ಅತ್ತಿಗೆ.”

ಅತ್ತಿಗೆ ತೆಗೆದುಕೊಂಡಳು. ಬಾಟಲಿ ಅಂಗೈ ಸುಡುತ್ತಿತ್ತು. ಅದನ್ನು ಕೆಳಗಿಡದೆ, ನಾದಿನಿಯ ಎದುರಿನಲ್ಲೇ ಬಿರಡೆ ತೆಗೆದು, ಮೂಗಿನ ಹತ್ತಿರ ಹಿಡಿದಳು.