ಲಿಫ್ಟಣ್ಣನ ಕೊನೆಯ ಪ್ಯಾರಾ

ದೆವ್ವಗಳ ಬಗ್ಗೆ ನನಗಿರುವ ತಕರಾರು ಒಂದೇ: ಅವು ಅತಿಯಾಗಿ ಮಾತಾಡುತ್ತವೆ. ಮೂವತ್ತೊಂದು ವರ್ಷ ನಾನು ಒಂದು ಮಾಸಪತ್ರಿಕೆಯ ಸಂಪಾದಕಿಯಾಗಿದ್ದೆ. ದೆವ್ವ, ಪಿಶಾಚಿ, ಬೇರೆ ಗ್ರಹದ ಜೀವಿ, ತಲೆಕೆಟ್ಟ ರೋಬೋಟು, ಇವೇ ನಮ್ಮ ಸರಕು. ತಿಂಗಳಿಗೆ ಇನ್ನೂರು ಕತೆ ಬರುತ್ತಿದ್ದವು. ಅವುಗಳ ಪೈಕಿ ನೂರರಲ್ಲಿ ಕೊನೆಗೆ ನಾಯಕನಿಗೆ ಎಚ್ಚರವಾಗಿ ಎಲ್ಲವೂ ಕನಸಾಗಿರುತ್ತಿತ್ತು. ಉಳಿದ ನೂರರಲ್ಲಿ ದೆವ್ವ ಸಾವಕಾಶವಾಗಿ ಕೂತು, ತಾನು ಹೇಗೆ ಸತ್ತೆ, ಯಾರು ಕೊಂದರು, ಈಗ ಯಾಕೆ ಬಂದೆ ಎಂದು ಕೋರ್ಟಿನಲ್ಲಿ ಹೇಳಿಕೆ ಕೊಡುವ ಹಾಗೆ ಒಂದೂ ಬಿಡದೆ ಒಪ್ಪಿಸುತ್ತಿತ್ತು. ಸತ್ತ ಮೇಲೂ ಇಷ್ಟು ಕೊರೆಯುವವರಿಗೆ ಯಾರು ಹೆದರುತ್ತಾರೆ?

ಅದಕ್ಕೇ ನಾನೊಂದು ನಿಯಮ ಮಾಡಿಕೊಂಡಿದ್ದೆ. ಯಾರದೇ ಕತೆಯಾಗಲಿ, ಕೊನೆಯ ಪ್ಯಾರಾ ಹಾರಿಸಿಬಿಡುವುದು. ಪೆನ್ನಿನಲ್ಲಿ ಗೀಟು ಹಾಕಿದರೆ ಪ್ರೆಸ್ಸಿನವರು ಗೀಟಿನ ಕೆಳಗಿದ್ದದ್ದನ್ನೂ ಜೋಡಿಸಿಬಿಡುತ್ತಿದ್ದರು. ಆದ್ದರಿಂದ ನಿಜವಾದ ಕತ್ತರಿಯಿಂದಲೇ ಕತ್ತರಿಸುತ್ತಿದ್ದೆ. ಕತ್ತರಿಸಿದ ಚೂರಿನ ಹಿಂಬದಿ ಖಾಲಿ ಇರುತ್ತಿತ್ತಲ್ಲ, ಅದರ ಮೇಲೆ ಪ್ರೆಸ್ಸಿಗೆ ಚೀಟಿ ಬರೆದು ಕಳಿಸುತ್ತಿದ್ದೆ. 'ಮುಖಪುಟದ ಕೆಂಪು ಸಾಲದು', 'ಇವತ್ತು ಪ್ರೂಫ್ ಬರದಿದ್ದರೆ ನಾನೇ ಬರುತ್ತೇನೆ', ಹೀಗೆ. ಈ ಎರಡನೆಯ ಚೀಟಿಗೆ ಪ್ರೆಸ್ಸಿನವರು ನಮ್ಮ ಯಾವ ದೆವ್ವಕ್ಕೂ ಹೆದರದಷ್ಟು ಹೆದರುತ್ತಿದ್ದರು. ಲೇಖಕರು ಬೆನ್ನ ಹಿಂದೆ ನನ್ನನ್ನು ಕತ್ತರಿಯಮ್ಮ ಎನ್ನುತ್ತಿದ್ದರು. ಎದುರಿಗೇ ಅಂದಿದ್ದರೂ ನನಗೆ ಬೇಜಾರಿರಲಿಲ್ಲ. ಬಾಲ ಕಳೆದುಕೊಂಡ ಮೇಲೆ ಕತೆ ಎಷ್ಟು ಚುರುಕಾಗುತ್ತದೆಂಬುದು ಅವರಿಗೂ ಗೊತ್ತಿತ್ತು. ನನ್ನ ತಂಗಿ ಅದೇ ಕಚೇರಿಯಲ್ಲಿ ಪ್ರೂಫ್ ನೋಡುತ್ತಿದ್ದಳು. ಅವಳಿಗೆ ಮಾತ್ರ ನನ್ನ ನಿಯಮ ಹಿಡಿಸುತ್ತಿರಲಿಲ್ಲ, ಆದರೆ ಅವಳಿಗೆ ನನ್ನ ಯಾವ ಅಭ್ಯಾಸವೂ ಹಿಡಿಸುತ್ತಿರಲಿಲ್ಲವಾದ್ದರಿಂದ ನಾನು ತಲೆ ಕೆಡಿಸಿಕೊಳ್ಳಲಿಲ್ಲ.

ನಮ್ಮ ಕಚೇರಿ ಇದ್ದದ್ದು ನಾಲ್ಕನೆಯ ಮಹಡಿಯಲ್ಲಿ. ಕಟ್ಟಡದ ಲಿಫ್ಟು ತಿಂಗಳಿಗೆರಡು ಸಲ ಮುಷ್ಕರ ಹೂಡುತ್ತಿತ್ತು. ಅದನ್ನು ರಿಪೇರಿ ಮಾಡಲು ಬರುತ್ತಿದ್ದವನಿಗೆ ನಾವೆಲ್ಲ ಲಿಫ್ಟಣ್ಣ ಎನ್ನುತ್ತಿದ್ದೆವು. ಸಣಕಲು ಮನುಷ್ಯ, ಮಾತು ಕಮ್ಮಿ. ಒಂದು ದಿನ ಸ್ಪ್ಯಾನರುಗಳ ಚೀಲದೊಳಗಿಂದ ನಾಲ್ಕು ಮಡಿಕೆಯ ಹಾಳೆ ತೆಗೆದು, "ಅಕ್ಕ, ಟೈಮಿದ್ದಾಗ ನೋಡಿ" ಎಂದು ನನ್ನ ಮೇಜಿನ ಮೇಲಿಟ್ಟು ಹೋದ. ಹಾಳೆಯ ತುಂಬ ಗ್ರೀಸಿನ ಬೆರಳಚ್ಚು. ಓದಿ ಬೆಕ್ಕಸ ಬೆರಗಾದೆ. ವಿಶೇಷಣವಿಲ್ಲದ, ಸಣ್ಣ ಸಣ್ಣ ವಾಕ್ಯ. ಓದುತ್ತ ಓದುತ್ತ ಮೈ ಜುಮ್ಮೆನ್ನುತ್ತಿತ್ತು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಅವನ ಕೊನೆಯ ಪ್ಯಾರಾ ತೆಗೆದು ಅಚ್ಚು ಹಾಕಿದೆ. ಐದು ವರ್ಷದಲ್ಲಿ ಅಂಥ ಆರು ಕತೆ ಕೊಟ್ಟ.

ಏಳನೆಯದು ಬಂದದ್ದು ಹದಿನೆಂಟು ವರ್ಷದ ಹಿಂದೆ. ಅದಕ್ಕೆ ಮುಂಚೆ ಎರಡು ತಿಂಗಳು ಅವನ ಪತ್ತೆಯೇ ಇರಲಿಲ್ಲ. "ಎಲ್ಲಿ ಹಾಳಾಗಿ ಹೋಗಿದ್ರಿ? ಎರಡು ತಿಂಗಳು ನಾಲ್ಕು ಮಹಡಿ ಹತ್ತಿ ನನ್ನ ಮಂಡಿಚಿಪ್ಪು ಸವೆದುಹೋಯ್ತು" ಎಂದು ತರಾಟೆಗೆ ತೆಗೆದುಕೊಂಡೆ. ತುಟಿಯಲ್ಲೇ ನಕ್ಕು ಹಾಳೆ ಕೊಟ್ಟ. ನಾನು ಇನ್ನೇನೂ ಕೇಳಲಿಲ್ಲ.

ಆ ಕತೆಯಲ್ಲಿ ಒಬ್ಬ ಅಪ್ಪ ಇದ್ದಾನೆ. ಬಾಹ್ಯಾಕಾಶದಿಂದ ಬರುವ ಸಂದೇಶಗಳನ್ನು ಕೇಳುವ ಕೇಂದ್ರದಲ್ಲಿ ಅವನ ಕೆಲಸ. ಮಗಳು ದೂರದ ನೌಕೆಯೊಂದರಲ್ಲಿ ಹೋಗಿದ್ದಾಳೆ. ನೌಕೆ ಸುಟ್ಟುಹೋದ ಸುದ್ದಿ ತುರ್ತಿನ ದಾರಿಯಲ್ಲಿ ಮೊದಲೇ ಬಂದುಬಿಡುತ್ತದೆ. ಆದರೆ ಮಗಳು ದಿನಾ ಕಳಿಸಿದ್ದ ಮಾತುಗಳು ಸರದಿಯಲ್ಲಿ ನಿಂತಿವೆ. ಒಂದೊಂದಾಗಿ, ನಿಧಾನವಾಗಿ ಬರುತ್ತಲೇ ಇರುತ್ತವೆ. ಸತ್ತವಳು ದಿನಾ ನಗುತ್ತಾಳೆ, ಹಲ್ಲುನೋವು ಅನ್ನುತ್ತಾಳೆ, ಯಾಕಪ್ಪ ಉತ್ತರ ಕೊಡಲ್ಲ ಎಂದು ಮುನಿಸಿಕೊಳ್ಳುತ್ತಾಳೆ. ಕೊನೆಯ ದಿನ, "ಅಪ್ಪಾ, ಕೇಳ್ತಾ ಇದೀಯಾ?" ಅನ್ನುತ್ತಾಳೆ. ಅಪ್ಪನ ಕೈ ಉತ್ತರ ಕಳಿಸುವ ಗುಂಡಿಯ ಮೇಲಿದೆ. ಅಲ್ಲಿಗೆ ಮುಗಿಯಿತು. ಅಂದರೆ ಅಲ್ಲಿಗೆ ನಾನು ಮುಗಿಸಿದೆ.

ಕತೆ ಎಲ್ಲರ ಬಾಯಲ್ಲೂ ಓಡಾಡಿತು. ಸಂಕಲನಗಳಲ್ಲಿ ಸೇರಿತು, ಕಾಲೇಜಿನಲ್ಲಿ ಪಾಠವಾಯಿತು. ಆ ಅಪ್ಪ ಉತ್ತರ ಕೊಡದೆ ಸುಮ್ಮನಾದದ್ದೇ ಕತೆಯ ಜೀವ ಎಂದು ವಿಮರ್ಶಕರು ಬರೆದರು. ಆ ಮೌನ ನನ್ನ ಕತ್ತರಿಯದ್ದು ಎಂದು ನಾನು ಸಭೆಗಳಲ್ಲಿ ಹೇಳಿಕೊಂಡು ತಿರುಗಿದೆ. ಲಿಫ್ಟಣ್ಣ ಮತ್ತೆ ಒಂದು ಸಾಲೂ ಬರೆಯಲಿಲ್ಲ. ಬಂದಾಗೆಲ್ಲ ಕೆಣಕುತ್ತಿದ್ದೆ, ಹೆಸರು ಬಂತು, ಸೋಮಾರಿತನ ಹತ್ತಿತು ಎಂದು. "ಬರೆಯೋದು ಬರೆದಾಯ್ತಲ್ಲ ಅಕ್ಕ" ಎಂದು ಲಿಫ್ಟಿನ ಗುಂಡಿಗೆ ಇಳಿದುಬಿಡುತ್ತಿದ್ದ.

ಪತ್ರಿಕೆ ನಿಂತು ಎರಡು ವರ್ಷವಾಯಿತು. ಕಡತಗಳೆಲ್ಲ ನಾನೂ ತಂಗಿಯೂ ಇರುವ ಮನೆಗೆ ಬಂದವು. ಊಟದ ಮೇಜಿನ ಕೆಳಗೂ ಅವೇ, ಮಂಚದ ಕೆಳಗೂ ಅವೇ. ಹೋದ ತಿಂಗಳು ಒಂದು ಬೆಳಿಗ್ಗೆ ಲಿಫ್ಟಣ್ಣನ ಹೆಂಡತಿ ಬಂದರು. ನಾನು ಅವರನ್ನು ನೋಡಿದ್ದು ಅದೇ ಮೊದಲು. ಪುಟ್ಟ ಮಕ್ಕಳ ಶಾಲೆಯಲ್ಲಿ ಟೀಚರಾಗಿದ್ದು ನಿವೃತ್ತರಾದವರಂತೆ. ಕುರ್ಚಿಯ ತುದಿಯಲ್ಲಿ ನೆಟ್ಟಗೆ ಕೂತರು. ಯಜಮಾನರು ಹೋಗಿ ಮೂರು ವಾರವಾಯಿತು ಎಂದರು.

"ನಮಗೆ ಒಬ್ಬಳು ಮಗಳಿದ್ಲು, ನಿಮಗೆ ಗೊತ್ತಾ?" ಎಂದು ಕೇಳಿದರು.

ಗೊತ್ತಿರಲಿಲ್ಲ.

"ಒಂಬತ್ತು ವರ್ಷ. ಆಸ್ಪತ್ರೇಲಿದ್ಲು. ಆವತ್ತು ಡಾಕ್ಟ್ರು, ಇವತ್ತು ಇಬ್ಬರೂ ಇಲ್ಲೇ ಇರಿ ಅಂದಿದ್ರು. ಹನ್ನೊಂದು ಗಂಟೆಗೆ ಇವರಿಗೆ ಫೋನ್ ಬಂತು. ಎಲ್ಲೋ ಲಿಫ್ಟ್ ಸಿಕ್ಕಿಹಾಕ್ಕೊಂಡಿದೆ, ಆರು ಜನ ಒಳಗಿದಾರೆ ಅಂತ. ಅರ್ಧ ಗಂಟೇಲಿ ಬರ್ತೀನಿ ಅಂತ ಹೋದ್ರು. ಅವಳು ಅಪ್ಪ ಎಲ್ಲಿ ಅಂತ ಎರಡು ಸಲ ಕೇಳಿದ್ಲು. ಇವರು ಬರೋಷ್ಟರಲ್ಲಿ ಎಲ್ಲಾ ಮುಗಿದಿತ್ತು."

ನನ್ನ ತಂಗಿ ಒಳಗಿಂದ ನೀರು ತಂದವಳು ಲೋಟ ಹಿಡಿದುಕೊಂಡೇ ನಿಂತುಬಿಟ್ಟಳು.

"ಯಾಕೆ ಹೋದ್ರಿ ಅಂತ ಕೇಳಿದೆ. ಜಗಳ ಆಡಿ ಕೇಳಿದೆ, ಅತ್ತು ಕೇಳಿದೆ, ಆಮೇಲೆ ಮಾತು ಬಿಟ್ಟು ನೋಡಿದೆ. ಹದಿನೆಂಟು ವರ್ಷ. ತುಟಿ ಪಿಟಕ್ ಅನ್ಲಿಲ್ಲ ಮಹಾರಾಯ. ಅವಳ ಹೆಸರೇ ಎತ್ತುತ್ತಿರಲಿಲ್ಲ. ಹೋಗೋ ಹಿಂದಿನ ದಿನ ತಾವಾಗೇ ಅಂದ್ರು, ಅವಳಿಗೆ ಹೇಳಬೇಕಾಗಿದ್ದನ್ನ ಬರೆದಿದ್ದೆ ಕಣೇ, ಆ ಕತೆ ಕೊನೇಲಿ. ಅಚ್ಚಾಗಲಿಲ್ಲ. ಆದ್ರೂ ಎಡಿಟರಮ್ಮ ಓದಿದಾರೆ, ಒಬ್ಬರಾದ್ರೂ ಓದಿದಾರೆ, ಅಂತ." ಅವರು ಕೈಚೀಲದ ಹಿಡಿಯನ್ನು ಬಿಗಿಯಾಗಿ ಹಿಡಿದುಕೊಂಡರು. "ನನಗೆ ಬೇಕಾಗಿರೋದು ಅದೊಂದೇ. ಅವಳ ಹತ್ರ ಕ್ಷಮೆ ಕೇಳಿದ್ರಾ, ಇಲ್ವಾ. ಕೇಳಿದ್ರೆ ನಾನೂ ಬಿಟ್ಟುಬಿಡ್ತೀನಿ. ಇಷ್ಟು ಸಿಟ್ಟು ಇಟ್ಕೊಂಡು ಇನ್ನು ಯಾರ ಮೇಲೆ ಹಾಕಲಿ?"

"ಹುಡುಕ್ತೀನಿ. ಒಂದು ವಾರ ಕೊಡಿ" ಎಂದೆ. ಆ ಚೂರು ಪ್ರೆಸ್ಸಿನ ಚೀಟಿಯಾಗಿ ಹೋಗಿ, ಕಸವಾಗಿ, ಮಣ್ಣಾಗಿರುತ್ತದೆಂದು ಗೊತ್ತಿದ್ದೂ ಹಾಗೆಂದೆ.

ಮೂರು ದಿನ ತಂಗಿಯೂ ನಾನೂ ಧೂಳಿನಲ್ಲಿ ಸೀನುತ್ತ ಕಡತ ಬಿಚ್ಚಿದೆವು. ಮೂಲ ಪ್ರತಿ ಸಿಕ್ಕಿತು. ಕೊನೆಯ ಹಾಳೆ ಅರ್ಧವೇ ಇತ್ತು. "ಅಪ್ಪಾ, ಕೇಳ್ತಾ ಇದೀಯಾ?" ಎಂಬಲ್ಲಿಂದ ಎರಡು ಸಾಲು ಕೆಳಗೆ ಕತ್ತರಿಯ ಅಂಚು. ಅಂಚು ನೇರವಾಗಿತ್ತು. ನನ್ನ ಕೈ ಒಂದಿಷ್ಟೂ ಅಲ್ಲಾಡಿರಲಿಲ್ಲ.

ಇನ್ನುಳಿದದ್ದು ನೆನಪು. ನನ್ನ ನೆನಪಿನ ಶಕ್ತಿಗೆ ಲೇಖಕರು ಬೆದರುತ್ತಿದ್ದರು. ಇಪ್ಪತ್ತು ವರ್ಷದ ಹಿಂದಿನ ಕತೆಯ ಮೊದಲ ಸಾಲನ್ನು ಈಗಲೂ ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ಕಣ್ಣು ಮುಚ್ಚಿ ಕೂತೆ. ಲಿಫ್ಟಣ್ಣನ ಗುಂಡಗಿನ ಅಕ್ಷರ ಬಂತು, ಗ್ರೀಸಿನ ಕಲೆ ಬಂತು, ಆ ಪ್ಯಾರಾದ ಒಂದು ಪದವೂ ಬರಲಿಲ್ಲ. ವಯಸ್ಸಾಯಿತು ಅಂದುಕೊಂಡೆ. ಹಾಗೆ ಅಂದುಕೊಳ್ಳುವುದು ಸುಲಭವಾಗಿತ್ತು.

ಐದನೆಯ ದಿನ ಮಧ್ಯಾಹ್ನ ನಾನೇ ಬರೆದೆ. ಎಷ್ಟೋ ಲೇಖಕರ ಹರಕು ಮುರುಕು ಕತೆಗಳಿಗೆ ಅವರದೇ ದನಿಯಲ್ಲಿ ತೇಪೆ ಹಾಕಿದ್ದವಳು ನಾನು, ಇದೇನು ಮಹಾ? ಅರ್ಧ ಗಂಟೆಯೂ ಹಿಡಿಯಲಿಲ್ಲ. 'ಅಪ್ಪ ಗುಂಡಿ ಒತ್ತಿದ. ಕೇಳ್ತಾ ಇದೀನಿ ಮಗಳೇ, ಅಂದ. ಯಾರೋ ಕರೆದರು. ಹೋದೆ. ನೀನು ಕಾಯುತ್ತೀಯ ಅಂದುಕೊಂಡೆ. ಅಷ್ಟೇ ನನ್ನ ತಪ್ಪು. ನನ್ನನ್ನು ಕ್ಷಮಿಸು.' ನನ್ನ ಕೈಬರಹದಲ್ಲೇ ಒಂದು ಹಳೆಯ ಹಾಳೆಯ ಮೇಲೆ ಬರೆದೆ. ನಕಲು ಮಾಡಿಟ್ಟುಕೊಂಡಿದ್ದೆ ಎಂದು ಹೇಳಿದರಾಯಿತು.

ತಂಗಿ ಓದಿದಳು. ಅಲ್ಪವಿರಾಮಕ್ಕೂ ಜಗಳ ತೆಗೆಯುವವಳು ಏನೂ ತಿದ್ದಲಿಲ್ಲ. "ಚೆನ್ನಾಗಿದೆ. ಹರಿದು ಹಾಕು" ಎಂದಳು.

"ಪಾಪ, ಆಕೆಗೆ ನೆಮ್ಮದಿ ಸಿಗತ್ತಲ್ಲೇ."

"ಸಿಗತ್ತೆ. ಆ ನೆಮ್ಮದಿ ಯಾರು ಕೊಟ್ಟಿದ್ದು ಅಂತ ನೀನೊಬ್ಬಳೇ ಸಾಯೋವರೆಗೂ ನೆನಪಿಟ್ಕೊಂಡಿರಬೇಕು. ಆಗುತ್ತಾ?"

ಆಗುತ್ತದೆ ಎಂದೆ. ಮೊಂಡುತನಕ್ಕೆ ನಮ್ಮ ಮನೆಯಲ್ಲಿ ನನ್ನನ್ನು ಮೀರಿಸಿದವರಿಲ್ಲ.

ಅವರ ಮನೆ ಎರಡು ಕೋಣೆಯದು. ಬಾಗಿಲ ಹಿಂದೆ ಮೊಳೆಗೆ ಲಿಫ್ಟಣ್ಣನ ಅಂಗಿ ಇನ್ನೂ ನೇತಾಡುತ್ತಿತ್ತು. ಸ್ಪ್ಯಾನರುಗಳನ್ನು ಒರೆಸಿ, ದೊಡ್ಡದರಿಂದ ಸಣ್ಣದಕ್ಕೆ, ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ ಜೋಡಿಸಿದ್ದರು. ನಾನು ಹಾಳೆ ಕೊಟ್ಟೆ. ಅವರು ಕನ್ನಡಕ ಹಾಕಿಕೊಂಡು, ಮಕ್ಕಳಿಗೆ ಓದಿಸುವ ಹಾಗೆ ಪ್ರತಿ ಪದದ ಕೆಳಗೆ ಬೆರಳಿಟ್ಟು ಓದಿದರು. ಕೊನೆಯ ಪದದ ಕೆಳಗೆ ಬೆರಳು ನಿಂತಿತು. ಮತ್ತೆ ಮೊದಲಿಂದ ಓದಿದರು. ಮೂರನೆಯ ಸಲ ಓದುವಾಗ ಕಣ್ಣೀರು ಹಾಳೆಯ ಮೇಲೆ ಬೀಳದಿರಲೆಂದು ಅದನ್ನು ದೂರ ಹಿಡಿದರು.

"ಕೇಳಿಬಿಟ್ಟಿದ್ರು ನೋಡಿ" ಎಂದು ಅಳುತ್ತಲೇ ನಕ್ಕರು. "ಆಗಲೇ ಕೇಳಿಬಿಟ್ಟಿದ್ರು. ನಾನು ದಡ್ಡಿ, ಇಷ್ಟು ವರ್ಷ ಸುಮ್ನೆ ಅವರ ಜೀವ ಹಿಂಡಿದೆ."

ಏಳಬೇಕು, ಬಾಗಿಲು ದಾಟಬೇಕು, ಅಷ್ಟೇ ಬಾಕಿ ಇತ್ತು. ಆಗ ಅವರು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುತ್ತ ನನ್ನ ಮುಖ ನೋಡಿದರು.

"ತಪ್ಪು ತಿಳ್ಕೋಬೇಡಿ, ಒಂದು ಮಾತು ಕೇಳ್ತೀನಿ. ಇಂಥದ್ದನ್ನ ಓದಿದ ಮೇಲೂ ಕತ್ತರಿಸೋಕೆ ನಿಮಗೆ ಕೈ ಹೇಗೆ ಬಂತು?"

ಆ ಪ್ರಶ್ನೆಗೆ ನನ್ನ ಬಳಿ ಮೂವತ್ತೊಂದು ವರ್ಷದಿಂದ ತಯಾರಾದ ಉತ್ತರವಿತ್ತು. ಮೌನದ ಶಕ್ತಿ, ಓದುಗರ ಕಲ್ಪನೆ, ಎಂದೆಲ್ಲ ಭಾಷಣವನ್ನೇ ಮಾಡಬಹುದಿತ್ತು. ಹೊರಟದ್ದು ಬೇರೆಯೇ ಮಾತು.

"ನಾನು ಓದಿರಲಿಲ್ಲ" ಎಂದೆ.

ಬಾಯಿಂದ ಹೊರಗೆ ಬಿದ್ದ ಮೇಲೇ ಅದು ನನಗೂ ಖಚಿತವಾದದ್ದು. ಮೊದಮೊದಲು ಪ್ರತಿಯೊಂದನ್ನೂ ಓದಿ, ಯೋಚಿಸಿ ಕತ್ತರಿಸುತ್ತಿದ್ದೆ. ಎಲ್ಲವೂ ಒಂದೇ ಥರ ಇರುತ್ತಿದ್ದವು. ಆಮೇಲಾಮೇಲೆ ಕೊನೆಯ ಪ್ಯಾರಾ ಎಲ್ಲಿ ಶುರುವಾಗುತ್ತದೆಂದು ಕಣ್ಣು ನೋಡುತ್ತಿತ್ತು, ಕೈ ಕತ್ತರಿ ಎತ್ತಿಕೊಳ್ಳುತ್ತಿತ್ತು. ಇಷ್ಟನ್ನೂ ಅವರಿಗೆ ಹೇಳಿದೆ.

"ಹಾಗಾದ್ರೆ ಇದು?" ಹಾಳೆ ತೋರಿಸಿದರು.

"ನಾನೇ ಬರೆದದ್ದು."

ಬೈಯುತ್ತಾರೆ ಅಂದುಕೊಂಡಿದ್ದೆ. ಬೈದಿದ್ದರೆ ಹಗುರಾಗುತ್ತಿತ್ತು. ಅವರು ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡರು. ಕೆಳಗೆ ಬೀದಿಯಲ್ಲಿ ಯಾರದೋ ಸ್ಕೂಟರು ಹತ್ತಿಕೊಳ್ಳಲು ಒದ್ದಾಡುತ್ತಿತ್ತು.

"ಅವರು ಬರೆದಿದ್ದನ್ನ ಯಾರೂ ಓದೇ ಇಲ್ಲ ಅನ್ನಿ."

"ಇಲ್ಲ."

"ನೀವು ಓದಿದೀರಿ ಅಂತ ಹೇಳುವಾಗ ಅವರ ಮುಖ ನೀವು ನೋಡಬೇಕಿತ್ತು. ಅದೇನು ಸಮಾಧಾನ ಅಂತೀರಿ."

"ನನ್ನನ್ನ ಕ್ಷಮಿಸಿ" ಎಂದೆ.

"ಆ ಮಾತು ಇವತ್ತು ನನ್ನ ಮುಂದೆ ಆಡಬೇಡಿ" ಎಂದರು. ಸಿಟ್ಟಿನಿಂದಲ್ಲ, ದಣಿದು. ಆಮೇಲೆ ಹಾಳೆಯನ್ನು ಎರಡು ಮಡಿಕೆ ಮಾಡಿ ನನ್ನ ಕಡೆ ಚಾಚಿದರು. "ಇದನ್ನ ತಗೊಂಡುಹೋಗಿಬಿಡಿ. ಇನ್ನೊಂದು ಸಲ ಓದಿದ್ರೆ ನಂಬಿಬಿಡ್ತೀನಿ."

ನಾನು ಹಿಡಿದುಕೊಂಡೆ. ಅವರ ಬೆರಳು ಮಾತ್ರ ಬಿಡಲಿಲ್ಲ.